ಅಂಚು ಮೀರಿದ ಚಿತ್ರಗಳಿಗೆ ಅಂಚು ಬಂದಾಗ: ಬ್ರೊಡೊವಿಚ್‌ನ ‘ಬ್ಯಾಲೆ’, ಎರಾಟಾ ಆವೃತ್ತಿ

ಅಚ್ಚು ಚೆನ್ನಾಗಿರುವ, ಕಪ್ಪು ಅಂದರೆ ಕಡುಗಪ್ಪಾಗಿ ಕಾಣುವ ಫೋಟೊ ಪುಸ್ತಕ ಹುಡುಕುತ್ತಿದ್ದರೆ ಇದನ್ನು ಕೊಳ್ಳಬೇಡಿ. ಒಂದು ಚಿತ್ರದ ಪಕ್ಕ ಇನ್ನೊಂದನ್ನು ಯಾಕೆ ಇಡಬೇಕು, ಎಲ್ಲಿ ಕತ್ತರಿಸಬೇಕು, ಯಾವ ಪುಟದಲ್ಲಿ ಸುಮ್ಮನಾಗಬೇಕು ಎಂಬುದು ನಿಮ್ಮ ಕಸುಬಿಗೆ ಬೇಕಾದ ವಿಷಯವಾಗಿದ್ದರೆ ಮಾತ್ರ ಕೊಂಡು, ಪೆನ್ಸಿಲ್ ಹಿಡಿದು ಕೂರಿ.

ಪುಸ್ತಕದೊಳಗಿನ ಪುಸ್ತಕದ ಹೆಸರು ‘ಬ್ಯಾಲೆ’. ಪತ್ರಿಕೆಯ ಪುಟ ಕಟ್ಟುವ ಕಲಾ ನಿರ್ದೇಶಕನಾಗಿದ್ದ ಅಲೆಕ್ಸಿ ಬ್ರೊಡೊವಿಚ್ ತೆಗೆದ 104 ಫೋಟೊಗಳು, ಜೊತೆಗೆ ನೃತ್ಯ ವಿಮರ್ಶಕ ಎಡ್ವಿನ್ ಡೆನ್ಬಿಯ ಬರಹ. ನ್ಯೂಯಾರ್ಕಿನ ಜೆ. ಜೆ. ಆಗಸ್ಟಿನ್ ಪ್ರಕಾಶನ 1945ರಲ್ಲಿ ಹೊರತಂದದ್ದು. ಅಚ್ಚಾದದ್ದು 500 ಪ್ರತಿ. ಅದರಲ್ಲೂ ಬಹುಪಾಲು ಅಂಗಡಿಗೆ ಹೋಗದೆ ಸ್ನೇಹಿತರ, ಸಹೋದ್ಯೋಗಿಗಳ ಕೈ ಸೇರಿದವು. 1950ರ ದಶಕದಲ್ಲಿ ಬ್ರೊಡೊವಿಚ್‌ನ ಮನೆಗೆ ಬೆಂಕಿ ಬಿದ್ದು ನೆಗೆಟಿವ್‌ಗಳೂ ಹೋದವು. ಹಾಗಾಗಿ ಈಗ ಯಾರೇ ಮರುಮುದ್ರಣಕ್ಕೆ ಕೈಹಾಕಲಿ, ಉಳಿದ ಪ್ರತಿಯ ಪುಟಗಳನ್ನೇ ನೆಚ್ಚಬೇಕು. ನೆಗೆಟಿವ್ ಹಿಡಿದು ಹೊಸ ಪ್ರಿಂಟ್ ತೆಗೆಯೋಣ ಅನ್ನುವ ದಾರಿ ಮುಚ್ಚಿಹೋಗಿದೆ.

ನ್ಯೂಯಾರ್ಕಿನ ಎರಾಟಾ ಎಡಿಷನ್ಸ್ 2011ರಲ್ಲಿ ತನ್ನ ‘ಬುಕ್ಸ್ ಆನ್ ಬುಕ್ಸ್’ ಸರಣಿಯಲ್ಲಿ ಇದನ್ನು ತಂದಿತು. ಈ ಸರಣಿಯ ಕ್ರಮವೇ ಬೇರೆ. ಮೂಲ ಪುಸ್ತಕದ ಚಿತ್ರಗಳನ್ನು ಎತ್ತಿ ಹೊಸದಾಗಿ ಅಚ್ಚು ಹಾಕುವುದಿಲ್ಲ. ಪುಸ್ತಕವನ್ನು ತೆರೆದಿಟ್ಟು, ಜೋಡಿಪುಟ ಜೋಡಿಪುಟವಾಗಿ ಅದರದೇ ಫೋಟೊ ತೆಗೆದು, ಮೊದಲಿಂದ ಕೊನೆಯವರೆಗೆ ತೋರಿಸುತ್ತಾರೆ. ಕಾಗದದ ಅಂಚು, ನಡುಮಡಿಕೆಯ ನೆರಳು ಎಲ್ಲವೂ ಕಾಣುತ್ತದೆ. ಕೊನೆಗೆ ಒಂದು ಹೊಸ ಪ್ರಬಂಧ (ಇಲ್ಲಿ ಕೆರಿ ವಿಲಿಯಂ ಪರ್ಸೆಲ್ ಬರೆದದ್ದು), ಮೂಲ ಹೇಗೆ ಅಚ್ಚಾಯಿತು ಎಂಬ ಟಿಪ್ಪಣಿ, ಕಲಾವಿದನ ಪರಿಚಯ. ಒಂದು ದೊಡ್ಡ ಗುಣ ಮತ್ತು ಒಂದು ದೊಡ್ಡ ದೋಷ ಎರಡೂ ಈ ಕ್ರಮದಿಂದಲೇ ಬಂದಿವೆ. ಅದನ್ನು ತಿಳಿಯಬೇಕಾದರೆ ಪುಸ್ತಕ ಕಟ್ಟಿದವನ ಕೈ ಯಾವುದರಲ್ಲಿ ಪಳಗಿತ್ತು ಎಂದು ನೋಡಬೇಕು.

ಬ್ರೊಡೊವಿಚ್ ಹುಟ್ಟಿದ್ದು 1898ರಲ್ಲಿ, ಅಂದಿನ ರಷ್ಯಾ ಸಾಮ್ರಾಜ್ಯದ ಒಗೊಲಿಚಿಯಲ್ಲಿ. ಈಗ ಅದು ಬೆಲಾರೂಸ್. ಕ್ರಾಂತಿಯ ನಂತರದ ಅಂತರ್ಯುದ್ಧದಲ್ಲಿ ಬೊಲ್ಶೆವಿಕರ ಎದುರು ಹೋರಾಡಿ, ಗಾಯಗೊಂಡು, 1920ರಲ್ಲಿ ಪ್ಯಾರಿಸ್ ಸೇರಿದ. ಹೊಟ್ಟೆಪಾಡಿಗೆ ಸಿಕ್ಕ ಕೆಲಸಗಳಲ್ಲಿ ದಿಯಾಗಿಲೆವ್ ಎಂಬಾತ ಕಟ್ಟಿದ ರಷ್ಯನ್ ನೃತ್ಯತಂಡ ‘ಬ್ಯಾಲೆ ರೂಸ್’ಗೆ ರಂಗದ ಪರದೆ ಬಳಿಯುವುದೂ ಒಂದು. 1924ರಲ್ಲಿ ರಷ್ಯನ್ ಕಲಾವಿದರ ನೃತ್ಯಕೂಟವೊಂದಕ್ಕೆ ನಡೆದ ಪೋಸ್ಟರ್ ಸ್ಪರ್ಧೆಯಲ್ಲಿ ಈತ ಮೊದಲು ಬಂದ, ಪಿಕಾಸೊ ಎರಡನೆಯವ. ಆ ಪೋಸ್ಟರ್ ಒಂದು ಮುಖವಾಡ. ಬಿಳಿ ಇದ್ದಲ್ಲಿ ಕಪ್ಪು, ಕಪ್ಪು ಇದ್ದಲ್ಲಿ ಬಿಳಿ, ಥೇಟ್ ನೆಗೆಟಿವ್ ಮತ್ತು ಪ್ರಿಂಟ್ ಪಕ್ಕಪಕ್ಕ ಇಟ್ಟ ಹಾಗೆ. ಸುಮಾರು 20 ವರ್ಷದ ನಂತರದ ‘ಬ್ಯಾಲೆ’ಯ ಪುಟಗಳ ಬೀಜ ಅದರಲ್ಲೇ ಇದೆ.

1930ರಲ್ಲಿ ಪಾಠ ಹೇಳಲು ಫಿಲಡೆಲ್ಫಿಯಾಕ್ಕೆ ಹೋದ. 1934ರಲ್ಲಿ ಫ್ಯಾಷನ್ ಪತ್ರಿಕೆ ‘ಹಾರ್ಪರ್ಸ್ ಬಜಾರ್’ನ ಸಂಪಾದಕಿ ಕಾರ್ಮೆಲ್ ಸ್ನೋ ಅವನ ಕೆಲಸವನ್ನು ಒಂದು ಪ್ರದರ್ಶನದಲ್ಲಿ ನೋಡಿ ಕಲಾ ನಿರ್ದೇಶಕನನ್ನಾಗಿ ಕರೆದುಕೊಂಡಳು. 1958ರವರೆಗೆ, ಅಂದರೆ 24 ವರ್ಷ, ಆ ಕುರ್ಚಿ ಬಿಡಲಿಲ್ಲ. ಅಲ್ಲಿ ಅವನ ಕೆಲಸದ ರೀತಿ ಹೀಗೆ: ಬಂದ ಪ್ರತಿ ಫೋಟೊಗೂ ಬೇರೆಬೇರೆ ಅಳತೆಯ ಫೋಟೊಸ್ಟಾಟ್, ಅಂದರೆ ಕಾಗದದ ನಕಲು, ತೆಗೆಸುವುದು. ಅಂಗೈಯಗಲದ್ದೊಂದು, ಪುಟದಷ್ಟು ದೊಡ್ಡದೊಂದು, ಪುಟಕ್ಕಿಂತ ದೊಡ್ಡದೊಂದು. ಅವನ್ನು ಕತ್ತರಿಸಿ ಜೋಡಿಪುಟದ ಮೇಲೆ ಸರಿಸುತ್ತಾ ಇಡುವುದು. ಒಂದೊಂದು ಜೋಡಿಪುಟ ತಯಾರಾದ ಮೇಲೆ ಎಲ್ಲವನ್ನೂ ನೆಲದ ಮೇಲೆ ಸಾಲಾಗಿ ಹರಡಿ, ಸಂಚಿಕೆಯ ಏರಿಳಿತ ಸರಿಹೋಗುವವರೆಗೆ ಹಿಂದುಮುಂದು ಮಾಡುವುದು. ಅಕ್ಷರದ ಕಾಲಂ ಕೂಡ ಅವನ ಪಾಲಿಗೆ ಒಂದು ಆಕಾರ. ಮಾಡೆಲ್‌ನ ಮೈ ಬಾಗಿದ ದಿಕ್ಕಿಗೆ ಕಾಲಂ ಕೂಡ ಬಾಗುತ್ತಿತ್ತು, ಉಳಿದದ್ದೆಲ್ಲ ಖಾಲಿ ಬಿಳಿ.

‘ಬ್ಯಾಲೆ’ಯ ಫೋಟೊಗಳು ಬಜಾರ್‌ಗಾಗಿ ತೆಗೆದವಲ್ಲ. 1935ರಿಂದ 1937ರವರೆಗೆ, ದಿಯಾಗಿಲೆವ್ ಸತ್ತ ಮೇಲೆ ಅವನ ಪರಂಪರೆ ಮುಂದುವರಿಸಿದ ತಂಡಗಳು ಅಮೆರಿಕದಲ್ಲಿ ಪ್ರದರ್ಶನ ಕೊಡುತ್ತಿದ್ದಾಗ ತೆಗೆದವು. ಕೈಯಲ್ಲಿ 35 ಮಿ.ಮೀ. ಕಾಂಟ್ಯಾಕ್ಸ್ ಕ್ಯಾಮೆರಾ. ಫ್ಲಾಶ್ ಇಲ್ಲ, ರಂಗದ ಬೆಳಕೇ ಗತಿ. ಆಗಿನ ಫಿಲ್ಮ್ ಬೆಳಕು ಹಿಡಿಯುವ ವೇಗ ಈಗಿನ ಲೆಕ್ಕದಲ್ಲಿ ಐಎಸ್‌ಒ 100ರ ಆಚೀಚೆ ಅಂದುಕೊಳ್ಳಿ. ಆ ಬೆಳಕಿಗೆ ಷಟರ್ ಸೆಕೆಂಡಿನ ಐದನೇ ಒಂದು, ಹತ್ತನೇ ಒಂದು ಪಾಲಿನಷ್ಟು ಹೊತ್ತು ತೆರೆದಿರಲೇಬೇಕು. ನರ್ತಕಿ ಸೆಕೆಂಡಿಗೆ ಒಂದು ಮೀಟರ್ ಸರಿದಳು ಅಂದರೆ ಸೆಕೆಂಡಿನ ಐದನೇ ಒಂದು ಪಾಲಿನಲ್ಲಿ 20 ಸೆಂ.ಮೀ. ಸರಿದಿರುತ್ತಾಳೆ. ಕೈ ಅದಕ್ಕಿಂತ ಜೋರಾಗಿ ಬೀಸಿರುತ್ತದೆ, ಊರಿದ ಕಾಲು ಮಾತ್ರ ನಿಂತಲ್ಲೇ ಇರುತ್ತದೆ. ಈ ಚಿತ್ರಗಳಲ್ಲಿ ಪಾದ ಗಟ್ಟಿಯಾಗಿ, ಮುಂಗೈ ಹೊಗೆಯಾಗಿ ಕಾಣುವುದಕ್ಕೆ ಕಾರಣ ಇಷ್ಟೇ. ಒಳ್ಳೆಯ ಸ್ಟುಡಿಯೊ ಫೋಟೊಗ್ರಾಫರ್ ಆಗಿದ್ದರೆ ಇವನ್ನು ಕೆಟ್ಟ ಫ್ರೇಮ್ ಅಂತ ಬಿಸಾಡುತ್ತಿದ್ದ.

ಬ್ರೊಡೊವಿಚ್ ಡಾರ್ಕ್‌ರೂಮಿನಲ್ಲಿ ಅವನ್ನು ಇನ್ನಷ್ಟು ಕೆಡಿಸಿದ. ನೆಗೆಟಿವನ್ನು ಕಾಗದದ ಮೇಲೆ ದೊಡ್ಡದು ಮಾಡುವ ಎನ್‌ಲಾರ್ಜರ್‌ನ ಲೆನ್ಸಿನ ಮುಂದೆ ಸೆಲೊಫೇನ್ ಹಿಡಿದು ಬೆಳಕು ಚೆಲ್ಲಾಡುವಂತೆ ಮಾಡುವುದು, ನೆಗೆಟಿವ್‌ನ ಕೆಲವು ಭಾಗಗಳನ್ನು ಬ್ಲೀಚ್ ಮಾಡುವುದು, ಫ್ರೇಮಿನ ಒಂದು ಚೂರನ್ನಷ್ಟೇ ಎತ್ತಿ ದೊಡ್ಡದು ಮಾಡುವುದು. ಕೊನೆಯದರ ಲೆಕ್ಕ ಹಾಕಿ ನೋಡಿ. ಪೂರ್ತಿ ಫ್ರೇಮಿನ ಅಗಲ 36 ಮಿ.ಮೀ. ಅದನ್ನು ಸುಮಾರು 28 ಸೆಂ.ಮೀ. ಅಗಲದ ಪುಟಕ್ಕೆ ಹಿಗ್ಗಿಸಿದರೆ ಎಂಟು ಪಟ್ಟಿಗೆ ತುಸು ಕಮ್ಮಿ. ಗ್ರೇನ್, ಅಂದರೆ ಫಿಲ್ಮಿನ ಕಣ, ಕಾಣುತ್ತದೆ, ಕಿರಿಕಿರಿ ಆಗದು. ಫ್ರೇಮಿನ ಕಾಲು ಭಾಗದ ಅಗಲ, ಅಂದರೆ 9 ಮಿ.ಮೀ. ಎತ್ತಿದರೆ ಮೂವತ್ತು ಪಟ್ಟು ದಾಟುತ್ತದೆ. ಆಗ ಗ್ರೇನ್ ರವೆಯ ಹಾಗೆ ಎದ್ದು ಬರುತ್ತದೆ, ಮುಖದ ಮೂಗು, ಕಣ್ಣು ಕರಗಿ ಬೆಳಕಿನ ಮಚ್ಚೆ ಮಾತ್ರ ಉಳಿಯುತ್ತದೆ. ಅವನಿಗೆ ಬೇಕಿದ್ದದ್ದು ಆ ಮಚ್ಚೆ. ‘ಲೆ ಸಿಲ್ಫೀಡ್’ ಎಂಬ ಬ್ಯಾಲೆಯ ಭಾಗದಲ್ಲಿ ಬಿಳಿ ಲಂಗಗಳು ಕಪ್ಪಿನ ಮೇಲೆ ಚೆಲ್ಲಿದ ಹಾಲಿನಂತೆ ಹರಡುವುದನ್ನು ನೋಡಿದರೆ, ಇದು ಹೆಸರಾಂತ ನರ್ತಕಿಯರ ಆಲ್ಬಮ್ ಅಲ್ಲವೆಂದು ತಾನಾಗಿ ಗೊತ್ತಾಗುತ್ತದೆ.

ಈಗ ಪುಟಗಳಿಗೆ ಬರೋಣ. ಒಟ್ಟು ಹನ್ನೊಂದು ಭಾಗ, ಭಾಗಕ್ಕೊಂದು ಬ್ಯಾಲೆ: ‘ಲೆ ನೋಸ್’, ‘ಸಿಂಫೊನಿ ಫಾಂತಾಸ್ತಿಕ್’, ‘ಕೊತಿಯೊಂ’, ‘ಸ್ವಾನ್ ಲೇಕ್’ ಮುಂತಾಗಿ. ಪರಿವಿಡಿಯಲ್ಲೇ ಆಟ ಶುರು. ಒಂದೊಂದು ಹೆಸರಿಗೆ ಒಂದೊಂದು ಬಗೆಯ ಅಚ್ಚಕ್ಷರ, ಆಯಾ ನೃತ್ಯದ ಗತ್ತಿಗೆ ತಕ್ಕಂತೆ. ಒಳಗೆ ಹೋದರೆ ಯಾವ ಫೋಟೊದ ಕೆಳಗೂ ಶೀರ್ಷಿಕೆ ಇಲ್ಲ. ಸುತ್ತ ಬಿಳಿ ಅಂಚೂ ಇಲ್ಲ. ಚಿತ್ರ ಕಾಗದದ ತುದಿಯವರೆಗೂ ಹರಿದು ಹೊರಗೆ ಬೀಳುತ್ತದೆ, ಮುದ್ರಣದವರ ಮಾತಿನಲ್ಲಿ ಫುಲ್ ಬ್ಲೀಡ್. ಮೂಲ ಪುಸ್ತಕ ಅಡ್ಡ ಆಕಾರದ್ದು. ತೆರೆದರೆ ಎರಡು ಪುಟ ಸೇರಿ ಉದ್ದನೆಯ ಪಟ್ಟಿ, ಹೆಚ್ಚುಕಡಿಮೆ ರಂಗಮಂಚದ ಬಾಯಿಯ ಆಕಾರ. ಎಡಗಡೆಯ ಚಿತ್ರದ ಕತ್ತಲೂ ಬಲಗಡೆಯದರ ಕತ್ತಲೂ ನಡುಮಡಿಕೆಯಲ್ಲಿ ಸೇರಿ ಒಂದೇ ರಂಗವಾಗಿಬಿಡುತ್ತವೆ. ಎಡಗಡೆ ಬೀಸಿದ ಕೈಯ ಗೆರೆಯನ್ನು ಬಲಗಡೆ ಬೇರೊಬ್ಬಳ ಬೆನ್ನು ಎತ್ತಿಕೊಳ್ಳುತ್ತದೆ. ಎರಡೂ ಬೇರೆ ಹೊತ್ತಿನಲ್ಲಿ ತೆಗೆದ ಫ್ರೇಮುಗಳು ಅನ್ನುವುದು ಮರೆತೇ ಹೋಗುತ್ತದೆ. ನೆಲದ ಮೇಲೆ ಫೋಟೊಸ್ಟಾಟ್ ಹರಡಿ ಸರಿಸುತ್ತಿದ್ದ ಕೈಯ ಕೆಲಸ ಇದು. ಈ ಚಿತ್ರಗಳು ಕ್ಯಾಮೆರಾದಲ್ಲಿ ಅರ್ಧ ಆದವು, ಪುಟದ ಮೇಲೆ ಪೂರ್ತಿ ಆದವು.

ಹೀಗಾಗಿ ಎರಾಟಾ ಆವೃತ್ತಿಯ ಗುಣ ಸಣ್ಣದಲ್ಲ. ಅಂತರ್ಜಾಲದಲ್ಲಿ ಈ ಪುಸ್ತಕದ ಚಿತ್ರಗಳು ಬಿಡಿಬಿಡಿಯಾಗಿ ಸಿಗುತ್ತವೆ. ಒಂಟಿಯಾಗಿ ನೋಡಿದರೆ ಅಲುಗಾಡಿದ ಫೋಟೊ ಅನ್ನಿಸಿ ಮುಂದೆ ಹೋಗುತ್ತೀರಿ. ಇಲ್ಲಿ ಮೂಲದ ಅನುಕ್ರಮ, ಜೋಡಿ, ಭಾಗಗಳ ನಡುವಿನ ವಿರಾಮ ಎಲ್ಲ ಇದ್ದಂತೆ ಇದೆ.

ದೋಷವೂ ಅಲ್ಲೇ ಕೂತಿದೆ. ಮೂಲದಲ್ಲಿ ಚಿತ್ರ ಕಾಗದದ ಅಂಚಿನಲ್ಲಿ ಮುಗಿಯುವುದಿಲ್ಲ, ಅಂಚಿನಾಚೆಗೂ ಕತ್ತಲು ಇದೆ ಅನ್ನಿಸುತ್ತದೆ. ಇಲ್ಲಿ ಪುಸ್ತಕದ ಫೋಟೊವನ್ನು ಇನ್ನೊಂದು ಪುಟದ ಮೇಲೆ ಇಟ್ಟಿರುವುದರಿಂದ ಸುತ್ತಲೂ ಖಾಲಿ ಜಾಗ ಬಂದಿದೆ. ಯಾವ ಚೌಕಟ್ಟನ್ನು ಕಿತ್ತುಹಾಕಲು ಬ್ರೊಡೊವಿಚ್ ಅಷ್ಟು ಪಾಡುಪಟ್ಟನೋ ಅದೇ ಚೌಕಟ್ಟು ವಾಪಸ್ ಬಂದು ಕೂತಿದೆ. ರಂಗದ ಮುಂದೆ ಕೂತವರಿಗೆ ಟಿ.ವಿ. ತೋರಿಸಿದ ಹಾಗೆ. ಎರಡನೆಯದು ಗಾತ್ರ. ಸರಣಿಯ ಎಲ್ಲ ಪುಸ್ತಕಗಳಿಗೂ ಒಂದೇ ಅಳತೆ, ಅದೂ ನಿಂತ ಆಕಾರ. ಅಡ್ಡಡ್ಡ ಹಿಗ್ಗಿದ ಜೋಡಿಪುಟವನ್ನು ಅದರೊಳಗೆ ತುರುಕಬೇಕಾದರೆ ಕುಗ್ಗಿಸದೆ ವಿಧಿಯಿಲ್ಲ. ಕುಗ್ಗಿದಾಗ ಗ್ರೇನ್ ಅಡಗುತ್ತದೆ, ಅಲುಗಾಟ ಹದ್ದುಬಸ್ತಿಗೆ ಬರುತ್ತದೆ, ಚಿತ್ರ ಬೇಕಾದ್ದಕ್ಕಿಂತ ಅಚ್ಚುಕಟ್ಟಾಗಿ ಕಾಣುತ್ತದೆ. ಮೂಲದಲ್ಲಿ ಕಣ್ಣಿಗೆ ರಾಚುವುದು ಇಲ್ಲಿ ಬರೀ ಚೆಂದ.

ಮೂರನೆಯದು ಕಪ್ಪು. ಮೂಲ ಅಚ್ಚಾದದ್ದು ಗ್ರೇವ್ಯೂರ್ ಎಂಬ ಮುದ್ರಣ ವಿಧಾನದಲ್ಲಿ. ಅದರಲ್ಲಿ ತಾಮ್ರದ ಹಾಳೆಯ ಮೇಲೆ ಸಣ್ಣ ಸಣ್ಣ ಗುಳಿ ಕೊರೆದಿರುತ್ತದೆ. ಆಳದ ಗುಳಿ ಹೆಚ್ಚು ಶಾಯಿ ಹಿಡಿಯುತ್ತದೆ, ಮೇಲುಮೇಲಿನದು ಕಮ್ಮಿ. ಕಾಗದದ ಮೇಲೆ ಕಪ್ಪು ಅಂದರೆ ನಿಜವಾಗಿ ದಪ್ಪ ಶಾಯಿ, ಮುಟ್ಟಿದರೆ ಮಸಿ ಅಂಟೀತು ಅನ್ನುವ ಹಾಗೆ. ಈಗ ಸಾಮಾನ್ಯವಾಗಿ ಪುಸ್ತಕ ಅಚ್ಚಾಗುವ ಆಫ್‌ಸೆಟ್‌ನಲ್ಲಿ ಶಾಯಿಯ ಪದರ ಎಲ್ಲೆಡೆ ಒಂದೇ ತೆಳು. ಚುಕ್ಕಿ ದೊಡ್ಡದಾದರೆ ಕಪ್ಪು, ಚಿಕ್ಕದಾದರೆ ಬೂದು. ಒಂದೇ ಕಪ್ಪು ಪ್ಲೇಟಿನಲ್ಲಿ ಹೊಡೆದರೆ ಕಡುಗಪ್ಪು ಇದ್ದಿಲ ಬಣ್ಣಕ್ಕೆ ಇಳಿಯುತ್ತದೆ. ಅದಕ್ಕೇ ಒಳ್ಳೆಯ ಮುದ್ರಕರು ಕಪ್ಪು, ಬೂದು ಎರಡು ಶಾಯಿಯ ಡ್ಯುಯೊಟೋನ್ ಅಥವಾ ಮೂರರ ಟ್ರೈಟೋನ್ ಹಾಕುತ್ತಾರೆ. ಹಾಗೆ ಮಾಡಿದರೂ ಕತ್ತಲೇ ಮುಖ್ಯ ಪಾತ್ರವಾಗಿರುವ ‘ಬ್ಯಾಲೆ’ಯಂಥ ಪುಸ್ತಕದಲ್ಲಿ ಕೊರತೆ ಕಾಣದೆ ಇರದು. ಇದಕ್ಕೆ ಎರಾಟಾದವರನ್ನು ಬೈಯುವ ಹಾಗಿಲ್ಲ. ಅವರು ಕೊಡುವುದು ಪುಸ್ತಕದ ದಾಖಲೆ. ಪುಸ್ತಕವನ್ನೇ ಕೊಡುತ್ತೇವೆ ಅಂತ ಎಲ್ಲೂ ಹೇಳಿಲ್ಲ.

ಪುಸ್ತಕದಿಂದ ದುಡ್ಡಿಗೆ ತಕ್ಕಷ್ಟು ಪಡೆಯುವುದು ಹೀಗೆ. ಮೊದಲ ಸಲ ಬರಹದ ಗೋಜಿಗೆ ಹೋಗದೆ, ಪುಟಕ್ಕೆ ಎರಡು ಸೆಕೆಂಡಿನಂತೆ ತಿರುವಿಹಾಕಿ. ತಾಳ ಕಿವಿಗೆ ಬಿದ್ದಂತೆ ಆಗಬೇಕು. ಎರಡನೇ ಸಲ ಒಂದು ಭಾಗ ಮಾತ್ರ ಆರಿಸಿ. ಬಿಳಿ ಹಾಳೆಯ ಮೇಲೆ ಬೆಂಕಿಪೊಟ್ಟಣದಷ್ಟು ಚೌಕಗಳನ್ನು ಎರಡೆರಡಾಗಿ ಬರೆದು, ಪ್ರತಿ ಜೋಡಿಪುಟದ ಕಪ್ಪು ಎಲ್ಲಿದೆ, ಬಿಳಿ ಎಲ್ಲಿದೆ ಎಂದಷ್ಟೇ ಪೆನ್ಸಿಲಿನಲ್ಲಿ ತುಂಬಿ. ಕೈ, ಕಾಲು, ಮುಖ ಬರೆಯಬೇಡಿ. ಹತ್ತು ಜೋಡಿ ಆದ ಮೇಲೆ ಸಾಲಾಗಿ ನೋಡಿದರೆ ಬಿಳಿಯ ಗಡ್ಡೆ ಎಡದಿಂದ ಬಲಕ್ಕೆ ನಡೆದು, ಎಲ್ಲಿ ನಿಂತು, ಎಲ್ಲಿ ಒಡೆಯಿತು ಅನ್ನುವುದು ಸಿಗುತ್ತದೆ. ಮೂರನೇ ಸಲ ಒಂದು ಕಡೆಯ ಪುಟಕ್ಕೆ ಕಾಗದ ಮುಚ್ಚಿ ನೋಡಿ. ಮುಚ್ಚಿದಾಗ ಪೆಚ್ಚಾಗಿ ಕಂಡ ಚಿತ್ರ ತೆರೆದಾಗ ಜೀವ ತಳೆದರೆ ಅದೇ ಬ್ರೊಡೊವಿಚ್‌ನ ಕೈಚಳಕ. ಚೌಕಟ್ಟಿನ ದೋಷಕ್ಕೂ ಒಂದು ಉಪಾಯವಿದೆ: ಕಪ್ಪು ಕಾರ್ಡ್‌ಬೋರ್ಡಿನಲ್ಲಿ ಜೋಡಿಪುಟದ ಚಿತ್ರದ ಅಳತೆಗೆ ಕಿಟಕಿ ಕತ್ತರಿಸಿ ಮೇಲಿಟ್ಟರೆ ಸುತ್ತಲಿನ ಬಿಳಿ ಹೋಗಿ ಅಂಚು ಮತ್ತೆ ಕತ್ತಲಿಗೆ ಸೇರುತ್ತದೆ.

ಇದನ್ನು ನೋಡಿ ಹುರುಪಿನಿಂದ ತಮ್ಮ ಸಂಚಿಕೆಗೂ ಅಂಚಿನಿಂದ ಅಂಚಿಗೆ ಫೋಟೊ ಹರಿಸಲು ಹೊರಡುವವರು ಎಡವುವುದು ಮೂರು ಕಡೆ. ಫೈಲಿನಲ್ಲಿ ಚಿತ್ರವನ್ನು ಪುಟದಳತೆಗೆ ಸರಿಯಾಗಿ ನಿಲ್ಲಿಸುತ್ತಾರೆ. ಕಟಿಂಗ್ ಯಂತ್ರ ಕೂದಲೆಳೆ ಆಚೀಚೆ ಆದರೂ ಬಿಳಿ ಗೆರೆ ಎದ್ದುಬರುತ್ತದೆ, ಹಾಗಾಗಿ ಮೂರು ಹೊರ ಅಂಚಿನಲ್ಲೂ 3 ಮಿ.ಮೀ. ಹೆಚ್ಚು ಬಿಡಲೇಬೇಕು. ನಡುಮಡಿಕೆಯ ವಿಷಯ ಇನ್ನೂ ಸೂಕ್ಷ್ಮ. ಪರ್ಫೆಕ್ಟ್ ಬೈಂಡಿಂಗ್‌ನಲ್ಲಿ ಬೆನ್ನಿಗೆ ಗೋಂದು ಹಾಕುವುದರಿಂದ ಪುಸ್ತಕ ಪೂರ್ತಿ ಬಿಚ್ಚಿಕೊಳ್ಳುವುದಿಲ್ಲ, ಎರಡೂ ಕಡೆ ಐದಾರು ಮಿ.ಮೀ. ಮಡಿಕೆಯೊಳಗೆ ನುಂಗಿಹೋಗುತ್ತದೆ. ಮುಖ, ಕಣ್ಣು, ಕೈಬೆರಳು ಅಲ್ಲಿ ಬೀಳದ ಹಾಗೆ ನೋಡಿಕೊಳ್ಳಿ. ನಡುವೆ ಪಿನ್ ಹೊಡೆದದ್ದಾದರೆ ಚೆನ್ನಾಗಿ ತೆರೆಯುತ್ತದೆ, ಆದರೆ ಪುಟ ಹೆಚ್ಚಾದಷ್ಟೂ ಒಳಗಿನ ಹಾಳೆಗಳು ಹೊರಗೆ ಚಾಚಿ ಟ್ರಿಮ್ಮಿಂಗ್‌ನಲ್ಲಿ ಹೆಚ್ಚು ಕತ್ತರಿಸಿಹೋಗುತ್ತವೆ. ಮೂರನೆಯದು ಕನ್ನಡದ್ದೇ ತೊಡಕು. ಬ್ರೊಡೊವಿಚ್ ನೆಚ್ಚಿಕೊಂಡ ಬೊಡೊನಿ ಜಾತಿಯ ಅಕ್ಷರಗಳಲ್ಲಿ ದಪ್ಪ ಗೆರೆಗೂ ಸಣ್ಣ ಗೆರೆಗೂ ಅಜಗಜಾಂತರ. ಆ ಗುಣದ ಕನ್ನಡ ಫಾಂಟ್ ಹುಡುಕಿ ಕಪ್ಪು ಫೋಟೊದ ಮೇಲೆ ಬಿಳಿಯಾಗಿ ಕೂರಿಸಿದರೆ ಒತ್ತಕ್ಷರದ ಸಣ್ಣ ಗೆರೆಗಳು ಶಾಯಿಯಲ್ಲಿ ಮುಚ್ಚಿಹೋಗುತ್ತವೆ. ಸಾಲಿನ ಅಂತರವನ್ನೂ ಇಂಗ್ಲಿಷಿನ ಅಳತೆಗೆ ಇಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಗಲುತ್ತದೆ. ಸಮ ದಪ್ಪದ ಅಕ್ಷರ, ಧಾರಾಳ ಅಂತರ, ಅಷ್ಟು ಸಾಕು.

ಫೋಟೊ ತೆಗೆಯುವವರಿಗೂ ಒಂದು ಮಾತು. ಫೋನಿನ ನೈಟ್ ಮೋಡ್‌ನಲ್ಲಿ ಇಂಥ ಚಿತ್ರ ಬರುವುದಿಲ್ಲ. ಅದು ಹಲವು ಫ್ರೇಮ್ ತೆಗೆದು, ಅಲುಗಿದ್ದನ್ನು ತೆಗೆದುಹಾಕಿ ಜೋಡಿಸುತ್ತದೆ. ನಮಗೆ ಬೇಕಾದ್ದನ್ನೇ ಕಸ ಅಂತ ಗುಡಿಸುತ್ತದೆ. ಪ್ರೊ ಮೋಡ್‌ಗೆ ಹೋಗಿ ಷಟರ್ ಅನ್ನು ಸೆಕೆಂಡಿನ ಐದನೇ ಒಂದರಿಂದ ಹದಿನೈದನೇ ಒಂದರ ನಡುವೆ ಕಟ್ಟಿಹಾಕಿ, ಐಎಸ್‌ಒ ಕೆಳಗಿಳಿಸಿ, ಫೋನನ್ನು ಎದುರಿನ ಕುರ್ಚಿಯ ಬೆನ್ನಿಗೆ ಒರಗಿಸಿ. ಪಾತ್ರಧಾರಿ ಗಿರಕಿ ಹೊಡೆಯುವ ಹೊತ್ತಿಗಿಂತ ಗಿರಕಿ ಮುಗಿಸಿ ಕಾಲೂರುವ ಗಳಿಗೆ ಒಳ್ಳೆಯದು, ಮೈ ನಿಂತಿರುತ್ತದೆ, ಬಟ್ಟೆ ಇನ್ನೂ ಓಡುತ್ತಿರುತ್ತದೆ.

ಪರ್ಸೆಲ್‌ನ ಪ್ರಬಂಧ ‘ಬ್ಯಾಲೆ’ಯ ಸುತ್ತ ನಿಲ್ಲುತ್ತದೆ. ಬ್ರೊಡೊವಿಚ್‌ನ ಪೂರ್ತಿ ಬಾಳು ಬೇಕಾದವರಿಗೆ ಅದು ಸಾಲದು, ಅದೇ ಲೇಖಕ 2002ರಲ್ಲಿ ಫೈಡನ್ ಪ್ರಕಾಶನಕ್ಕೆ ಬರೆದ ದೊಡ್ಡ ಪುಸ್ತಕ ಹಿಡಿಯಬೇಕು. 1933ರಲ್ಲಿ ಶುರುವಾದ ಬ್ರೊಡೊವಿಚ್‌ನ ‘ಡಿಸೈನ್ ಲ್ಯಾಬೊರೇಟರಿ’ ತರಗತಿಯಿಂದ ರಿಚರ್ಡ್ ಅವೆಡನ್, ಇರ್ವಿಂಗ್ ಪೆನ್, ಹಿರೊ, ಲಿಲಿಯನ್ ಬಾಸ್‌ಮನ್‌ರಂಥ ಫೋಟೊಗ್ರಾಫರುಗಳು ಹೊರಬಂದದ್ದು, ಮೊದಲೇ ನೋಡಿದಂಥದ್ದು ವ್ಯೂಫೈಂಡರ್‌ನಲ್ಲಿ ಕಂಡರೆ ಬಟನ್ ಒತ್ತಬೇಡ ಎಂದು ಅವನು ಕಿವಿ ಹಿಂಡುತ್ತಿದ್ದದ್ದು, ಜಾಹೀರಾತೇ ಇಲ್ಲದ ‘ಪೋರ್ಟ್‌ಫೋಲಿಯೊ’ ಪತ್ರಿಕೆ 1950–51ರಲ್ಲಿ ಮೂರೇ ಸಂಚಿಕೆಗೆ ನಿಂತದ್ದು, ಇವೆಲ್ಲ ಅಲ್ಲಿ ಓದಬೇಕಾದ ಸಂಗತಿಗಳು. ಬಜಾರ್ ಬಿಟ್ಟ ಮೇಲಿನ ವರ್ಷಗಳು ಕಷ್ಟದವು. ಹೆಂಡತಿ ತೀರಿಕೊಂಡಳು, ಕುಡಿತ, ಖಿನ್ನತೆ. ಚಿಕಿತ್ಸೆಗೆಂದು ನ್ಯೂಯಾರ್ಕಿನ ಆಸ್ಪತ್ರೆ ಸೇರಿದಾಗ ಸಿಗರೇಟ್ ಪ್ಯಾಕಿನಲ್ಲಿ ಪುಟಾಣಿ ಮಿನಾಕ್ಸ್ ಕ್ಯಾಮೆರಾ ಅಡಗಿಸಿಟ್ಟು ಅಲ್ಲಿನವರ ಫೋಟೊ ತೆಗೆದ. ಅದರ ನೆಗೆಟಿವ್ 8×11 ಮಿ.ಮೀ., ಕಿರುಬೆರಳಿನ ಉಗುರಿನಷ್ಟು. ‘ಬ್ಯಾಲೆ’ಯಲ್ಲಿ ಫ್ರೇಮಿನ ಚೂರನ್ನು ಎತ್ತಿ ಹಿಗ್ಗಿಸಿದವನಿಗೆ ಕೊನೆಗೆ ಅಷ್ಟು ಚೂರು ಫ್ರೇಮೇ ಸಿಕ್ಕಿತು. 1966ರಲ್ಲಿ ಫ್ರಾನ್ಸಿಗೆ ಮರಳಿ, 1971ರಲ್ಲಿ ಅವಿಞೊಂ ಬಳಿಯ ಲ ತೋರ್ ಎಂಬ ಊರಲ್ಲಿ ಸತ್ತ.

ಹಳೆಯ ಪ್ರತಿ ಕೊಳ್ಳುವವರು ಎರಡು ಸಂಗತಿ ಗಮನಿಸಿ. ಮಾರುವವರು ಎರಾಟಾದ್ದಕ್ಕೂ ಮೂಲದ ವರ್ಷವನ್ನೇ ಹಾಕಿ ‘ಬ್ಯಾಲೆ, 1945’ ಎಂದು ಪಟ್ಟಿ ಮಾಡುವುದು ಸಾಧ್ಯ. ಮುಖಪುಟದ ಫೋಟೊ ಕೇಳಿ: ಮೂಲ ಅಡ್ಡ ಆಕಾರದ್ದು, ಎರಾಟಾ ನಿಂತದ್ದು, ಇಷ್ಟರಲ್ಲೇ ಗೊತ್ತಾಗುತ್ತದೆ. ಇನ್ನೊಂದು, ಕಪ್ಪು ತುಂಬಿದ ಪುಟಗಳ ಮೇಲೆ ಬೆರಳಚ್ಚು, ಗೀರು ಎದ್ದು ಕಾಣುತ್ತವೆ. ಪುಟವನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ತೆಗೆದ ಫೋಟೊ ಒಂದನ್ನು ಕಳಿಸಲು ಹೇಳಿ. ನೇರ ಬೆಳಕಿನಲ್ಲಿ ಎಲ್ಲ ಪ್ರತಿಯೂ ಹೊಸದೇ.